ಸೋಫಾ ಅಕ್ಕನ ಬೊಗಳದ ನಾಯಿಗಳು

ಆ ಬೀದಿಯಲ್ಲಿ ಸೋಫಾ ಅಕ್ಕನ ಮನೆ ಎಲ್ಲಿ ಎಂದು ಕೇಳಿದರೆ ಸಾಕು, ಯಾರಾದರೂ ಕೈ ತೋರಿಸಿ ಕಳಿಸುತ್ತಾರೆ. ಹರಿದ ಸೋಫಾ, ಕುಸಿದ ಕುರ್ಚಿ, ಸ್ಪ್ರಿಂಗು ಹೊರಗೆ ಇಣುಕುವ ಕಾರಿನ ಸೀಟು, ಯಾವುದಾದರೂ ಸರಿ, ಅವಳ ಷೆಡ್ಡಿಗೆ ಬರಬೇಕು. ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ಮರದ ಚೌಕಟ್ಟನ್ನು ಮೊಣಕಾಲಲ್ಲಿ ಅದುಮಿ ಹಿಡಿದು, ಬಟ್ಟೆಯನ್ನು ಬಿಗಿಯಾಗಿ ಎಳೆದು ಒಂದೊಂದೇ ಮೊಳೆ ಹೊಡೆಯುವಾಗ ಅವಳನ್ನು ಮಾತಾಡಿಸಬಾರದು. ಮಾತಾಡಿಸಿದರೂ ಪ್ರಯೋಜನವಿಲ್ಲ, ಉತ್ತರ ಬರಬೇಕಾದರೆ ಮೊದಲು ಮೊಳೆ ಉಗುಳಬೇಕು. ಗಂಡ ಹೋದ ಮೇಲೆ ಅವನ ಸುತ್ತಿಗೆಯನ್ನು ಅವಳು ಕೈಗೆತ್ತಿಕೊಂಡಾಗ, ಹೆಂಗಸು ಸೋಫಾ ಕಟ್ಟುತ್ತಾಳಂತೆ ಎಂದು ಮೂಗು ಮುರಿದವರೆಲ್ಲ ಈಗ ಅದೇ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಾರೆ.

ಷೆಡ್ಡಿನ ಹಿಂದೆ ಎರಡು ಕೋಣೆಯ ಮನೆ. ಅಲ್ಲಿ ಇರುವುದು ಅವಳು, ಅವಳ ನಾದಿನಿ, ಮತ್ತು ಒಂದು ಪರದೇಶಿ ನಾಯಿ. ನಾಯಿ ಮಾತ್ರ ಬದಲಾಗುತ್ತಿರುತ್ತದೆ. ಬೀದಿಗೆ ಬಿದ್ದ ನಾಯಿಗಳನ್ನು, ಗಾಡಿಗೆ ಸಿಕ್ಕವನ್ನು, ಯಜಮಾನ ಸತ್ತ ಮೇಲೆ ಮನೆಯವರಿಗೆ ಬೇಡವಾದವನ್ನು ಎತ್ತಿಕೊಂಡು ಬರುವ ವ್ಯಾನು ಒಂದಿತ್ತು. ಅವನ್ನೆಲ್ಲ ಊರ ಹೊರಗಿನ ಒಂದು ಅಂಗಳದಲ್ಲಿ, ಸಾಲು ಸಾಲು ತಂತಿಯ ಗೂಡುಗಳಲ್ಲಿ ಇಡುತ್ತಿದ್ದರು. ಅಲ್ಲಿಂದ ವ್ಯಾನಿನವನು ಒಂದೊಂದನ್ನೇ ಇವಳ ಮನೆಗೆ ತಂದು ಬಿಡುತ್ತಿದ್ದ. ಅದರ ಗಾಯ ಮಾಯಿಸಿ, ಮೈ ತುಂಬಿಸಿ, ಮನುಷ್ಯರ ನಡುವೆ ಇರುವುದನ್ನು ಕಲಿಸಿ, ಖಾಯಂ ಆಗಿ ಇಟ್ಟುಕೊಳ್ಳುವ ಮನೆಯೊಂದನ್ನು ಹುಡುಕಿ ದಾಟಿಸುವುದು ಸೋಫಾ ಅಕ್ಕನ ಕೆಲಸ. ಕೆಲಸ ಎಂದು ಯಾರೂ ಹೇಳಿರಲಿಲ್ಲ. ಅವಳೇ ಮೈಮೇಲೆ ಎಳೆದುಕೊಂಡಿದ್ದಳು.

"ನಾಯಿ ಸೋಫಾ ಹರಿಯುತ್ತೆ, ಅತ್ತಿಗೆ ಸೋಫಾ ಹೊಲೀತಾರೆ. ಗಿರಾಕಿಗಳನ್ನ ತಾವೇ ತಯಾರು ಮಾಡ್ಕೊಳ್ತಾರೆ ನೋಡಿ," ಎಂದು ನಾದಿನಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಇಡೀ ದಿನ ಕಾಯಿಲೆಯವರ ಜೊತೆ ಮೆತ್ತಗೆ ಮಾತಾಡಿ ಬರುವುದರಿಂದ ಮನೆಗೆ ಬಂದ ಮೇಲೆ ಅವಳ ನಾಲಿಗೆಗೆ ಲಂಗುಲಗಾಮು ಇರುತ್ತಿರಲಿಲ್ಲ. ನಾಯಿಗಳೆಂದರೆ ಆಗುವುದಿಲ್ಲ ಎಂದು ಸಾರಿಕೊಂಡೇ ಅಂಗಡಿಯಿಂದ ಹುಳದ ಮಾತ್ರೆ, ಗಾಯದ ಪುಡಿ ತಂದು ಕಿಟಕಿಯಲ್ಲಿ ಇಡುತ್ತಿದ್ದಳು.

ನಾಯಿಗೆ ಮನೆ ಹುಡುಕುವುದು ಅಷ್ಟು ಕಷ್ಟವಲ್ಲ. ಸಿಕ್ಕ ಮನೆಯಲ್ಲಿ ಅದು ನಿಲ್ಲಬೇಕಲ್ಲ, ಕಷ್ಟ ಇರುವುದು ಅಲ್ಲಿ. ಕರೆದುಕೊಂಡು ಹೋಗುವಾಗ ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಬಾಯಲ್ಲೂ ಮುದ್ದು. ತಿಂಗಳು ತುಂಬುವುದರೊಳಗೆ ಅದೇ ಮಂದಿ ಹಗ್ಗ ಹಿಡಿದು ಷೆಡ್ಡಿನ ಮುಂದೆ ಹಾಜರು. ಏನು ದೂರು ಎಂದರೆ, ಬೊಗಳುತ್ತದೆ. ಮೇಲಿನ ಮನೆಯವರು ಬೈಯುತ್ತಾರೆ, ಪಕ್ಕದ ಮನೆಯ ಮಗು ಏಳುತ್ತದೆ, ನಾವು ಕೆಲಸಕ್ಕೆ ಹೋದ ಮೇಲೆ ಬಾಗಿಲ ಹಿಂದೆ ಕೂತು ಒಂದೇ ಸಮನೆ ಗಂಟಲು ಹರಿದುಕೊಳ್ಳುತ್ತದೆ. ನಾಯಿ ಬೊಗಳದೆ ಹಾಡು ಹೇಳುತ್ತದೆಯೇ? ಆದರೆ ಹಾಗೆಂದು ಕೇಳಿ ಏನು ಬಂತು, ಕೇಳಿಸಿಕೊಂಡವರು ಹಗ್ಗವನ್ನು ಕಂಬಕ್ಕೆ ಕಟ್ಟಿ ಹೋಗಿಯೇ ಬಿಡುತ್ತಿದ್ದರು.

ಹಾಗೆ ವಾಪಸು ಬಂದ ನಾಯಿಗಳ ಮುಖ ನೋಡಿ ನೋಡಿ ಸೋಫಾ ಅಕ್ಕ ತನ್ನದೇ ಒಂದು ವಿದ್ಯೆ ಹುಡುಕಿಕೊಂಡಳು. ನಾಯಿಯನ್ನು ಒಳಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕುವುದು. ಆಚೆ ನಿಂತು ಅದರ ಹೆಸರು ಹಿಡಿದು ಕರೆಯುವುದು. ಒಳಗಿನಿಂದ ಬೊಗಳಿದರೆ, ಬಾಗಿಲು ಕೆರೆದರೆ, ತೆರೆಯುವುದಿಲ್ಲ. ಸುಮ್ಮನಾಯಿತೋ, ಆ ಕ್ಷಣ ಬಾಗಿಲು ತೆರೆದು, ಒಳಗೆ ಹೋಗಿ ತಬ್ಬಿಕೊಂಡು, ಬೇಯಿಸಿದ ಮೊಟ್ಟೆಯ ಚೂರೊಂದನ್ನು ಬಾಯಿಗಿಡುವುದು. ಹೊಡೆತವಿಲ್ಲ, ಬೈಗುಳವಿಲ್ಲ. ಬಾಗಿಲು ತೆರೆಯಬೇಕಾದರೆ ಸುಮ್ಮನಿರಬೇಕು ಎಂಬುದು ನಾಯಿಯ ತಲೆಗೆ ಹೋಗುವ ತನಕ ದಿನಾ ಇದೇ ಪಾಠ. ಆ ಮೇಲೆ ಅವಳು ಕೊಟ್ಟ ನಾಯಿಗಳು ವಾಪಸು ಬರುವುದು ನಿಂತಿತು. ಸೋಫಾ ಅಕ್ಕನ ನಾಯಿ ಬೊಗಳುವುದಿಲ್ಲವಂತೆ ಎಂಬ ಮಾತು ಬೀದಿ ದಾಟಿ ಹೋಯಿತು.

"ಈ ವಿದ್ಯೆನ ನಮ್ಮಣ್ಣನ ಮೇಲೂ ಪ್ರಯೋಗ ಮಾಡಿದ್ರಾ ಅತ್ತಿಗೆ?" ಎಂದು ನಾದಿನಿ ಕೇಳಿದಳು. "ಬದುಕಿರೋ ತನಕ ಅವನೂ ತುಟಿಪಿಟಕ್ ಅನ್ನಲಿಲ್ಲ."

"ಅವರಿಗೆ ಮೊಟ್ಟೆ ಆಗ್ತಿರಲಿಲ್ಲ ಕಣೇ," ಎಂದಳು ಸೋಫಾ ಅಕ್ಕ, ಬಾಯಿಂದ ಮೊಳೆ ತೆಗೆದು.

ಇಂಥ ಮನೆಗೆ ಬಂದದ್ದು ಮೈಕು. ಎತ್ತರದ ಆಳು, ಕಂದು ಮೈ, ಒಂದು ಕಿವಿ ಅರ್ಧ ಹರಿದು ಜೋತಾಡುತ್ತಿತ್ತು. ಯಾರೋ ಮನೆ ಖಾಲಿ ಮಾಡಿಕೊಂಡು ಹೋಗುವಾಗ ಎಲ್ಲ ಸಾಮಾನು ನೆನಪಿಟ್ಟು ತುಂಬಿಸಿಕೊಂಡು, ಇದೊಂದನ್ನು ಮಾತ್ರ ತಾರಸಿಯ ಮೇಲೆ ಕಟ್ಟಿ ಮರೆತಿದ್ದರು. ಮರೆತರೋ ಬಿಟ್ಟರೋ, ಅವರ ಮನಸ್ಸಿಗೇ ಗೊತ್ತು. ನೀರಿಲ್ಲ, ನೆರಳಿಲ್ಲ. ಅದು ಬೊಗಳಿತು. ನಿಲ್ಲಿಸದೆ ಬೊಗಳಿತು. ಬೀದಿಯವರಿಗೆ ನಿದ್ದೆ ಕೆಟ್ಟು, ರೋಸಿಹೋಗಿ ಯಾರೋ ವ್ಯಾನಿಗೆ ಫೋನು ಮಾಡಿದರು.

"ಗಂಟಲು ಇದ್ದಿದ್ದಕ್ಕೆ ಉಳೀತು ಅಕ್ಕಾ ಇದು," ಎಂದ ವ್ಯಾನಿನವನು, ನಾಯಿಯನ್ನು ಕೆಳಗಿಳಿಸುತ್ತಾ. "ಇಲ್ದಿದ್ರೆ ಅಲ್ಲೇ ಒಣಗಿ ಹೋಗ್ತಿತ್ತು."

ಆ ಗಂಟಲನ್ನು ನೋಡಿಯೇ ನಾದಿನಿ ಅದಕ್ಕೆ ಮೈಕು ಎಂದು ಹೆಸರಿಟ್ಟಳು. ಹೆಸರಿಗೆ ತಕ್ಕಂತೆ ಅದು ಹಾಲಿನವನಿಗೆ ಬೊಗಳಿತು, ಗಾಳಿಗೆ ಬೊಗಳಿತು, ಹೊಲಿಗೆ ಯಂತ್ರಕ್ಕೆ ಬೊಗಳಿತು, ಕೊನೆಗೆ ತನ್ನ ಬೊಗಳು ಗೋಡೆಗೆ ಬಡಿದು ಬಂದರೆ ಅದಕ್ಕೂ ಬೊಗಳಿತು. ಸೋಫಾ ಅಕ್ಕನ ಪಾಠ ಮುಗಿಯುವ ಮೊದಲೇ ಒಬ್ಬರು ಇಷ್ಟಪಟ್ಟು ಕರೆದುಕೊಂಡು ಹೋದರು, ವಾಪಸು ತಂದರು. ಇನ್ನೊಬ್ಬರು ಒಯ್ದರು, ಅವರೂ ತಂದರು. ಎರಡನೆಯವರು ಶಾಲೆಯ ಮೇಷ್ಟ್ರು. ಮುಖ ಕೊಟ್ಟು ಮಾತಾಡಲಾಗದೆ, ಅವಳು ಷೆಡ್ಡಿನಲ್ಲಿ ಇಲ್ಲದ ಹೊತ್ತು ನೋಡಿ ಹಗ್ಗವನ್ನು ಬಾಗಿಲ ಹಿಡಿಕೆಗೆ ಕಟ್ಟಿ ಹೋಗಿದ್ದರು. ಅವಳು ಬಂದು ನೋಡಿದಾಗ ಮೈಕು ಮೇಷ್ಟ್ರು ಹೋದ ದಿಕ್ಕಿಗೆ ಮುಖ ಮಾಡಿ ಬಾಲ ಅಲ್ಲಾಡಿಸುತ್ತಾ ಕೂತಿತ್ತು.

ವ್ಯಾನಿನವನು ತಲೆ ಕೆರೆದುಕೊಂಡ. "ಇನ್ನೊಂದು ಸಲ ವಾಪಸ್ ಬಂತು ಅಂದ್ರೆ ಅಂಗಳಕ್ಕೇ ಹಾಕ್ಬೇಕು ಅಕ್ಕಾ. ನಿಮ್ಮ ಜಾಗಕ್ಕೆ ಬೇರೆ ನಾಯಿಗಳು ಕಾಯ್ತಾ ಇವೆ. ಅಲ್ಲಿಗೆ ಹೋದ ಬೆಳೆದ ನಾಯಿನ ಯಾರೂ ಕೇಳಲ್ಲ, ನಿಮಗೇ ಗೊತ್ತು."

ಗೊತ್ತಿತ್ತು. ಆ ಗೂಡುಗಳ ಸಾಲನ್ನು ಒಮ್ಮೆ ನೋಡಿ ಬಂದು ಎರಡು ದಿನ ಅವಳಿಗೆ ಊಟ ಸೇರಿರಲಿಲ್ಲ. ಒಳಗಿನ ನಾಯಿಗಳು ಬಾಲ ಮುದುರಿ, ಗೋಡೆಗೆ ಮುಖ ಹಾಕಿ ಮಲಗಿರುತ್ತಿದ್ದವು. ಮೈಕುವನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದು ಅವಳು ಹಲ್ಲು ಕಚ್ಚಿ ನಿಂತಳು. ಬೇರೆ ನಾಯಿಗಳು ಎರಡು ವಾರದಲ್ಲಿ ಕಲಿತದ್ದನ್ನು ಇದಕ್ಕೆ ಕಲಿಸಲು ಮಳೆಗಾಲ ಪೂರ್ತಿ ಬೇಕಾಯಿತು. ಅವಳು ಬಾಗಿಲಾಚೆ ನಿಂತು "ಮೈಕೂ" ಎನ್ನುವುದು, ಅದು ಒಳಗಿನಿಂದ ಮನೆಯ ಹೆಂಚು ಹಾರಿಹೋಗುವಂತೆ ಬೊಗಳುವುದು. ಗಿರಾಕಿಗಳು ಕಾದು ಕಾದು ಎದ್ದು ಹೋದರು. ಅರ್ಧ ಕಟ್ಟಿದ ಕುರ್ಚಿಗಳು ಷೆಡ್ಡಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು.

"ಬಿಟ್ಬಿಡಿ ಅತ್ತಿಗೆ, ಅದರ ಬಾಯಿ ಮುಚ್ಚಿಸೋಕೆ ನಿಮ್ಮಿಂದ ಆಗಲ್ಲ," ಎಂದು ನಾದಿನಿ ಕಿವಿಗೆ ಹತ್ತಿ ತುರುಕಿಕೊಂಡಳು.

"ಮುಚ್ಚಿಸ್ದೆ ಇದ್ರೆ ಇದು ಸಾಯುತ್ತೆ ಕಣೇ," ಎಂದಳು ಸೋಫಾ ಅಕ್ಕ.

ಒಂದು ಮಧ್ಯಾಹ್ನ ಅವಳು ಕರೆದಾಗ ಒಳಗಿನಿಂದ ಸದ್ದಿಲ್ಲ. ಏನಾಯಿತೋ ಎಂದು ಮತ್ತೆ ಕರೆದಳು. ಸದ್ದಿಲ್ಲ. ಕಿವಿ ಬಾಗಿಲಿಗೆ ಆನಿಸಿದರೆ ಒಳಗೆ ನೆಲಕ್ಕೆ ಬಾಲ ಬಡಿಯುವ ಸಪ್ಪಳ ಮಾತ್ರ, ಟಪ್ ಟಪ್ ಎಂದು. ಬಾಗಿಲು ತೆರೆದಳು. ಮೈಕು ಕುಂಡೆಯೂರಿ ಕೂತು, ಬೊಗಳಬೇಕೆಂಬ ಆಸೆಗೆ ಮೈಯೆಲ್ಲ ನಡುಗುತ್ತಿದ್ದರೂ ಬಾಯಿ ಬಿಗಿದುಕೊಂಡು ಅವಳನ್ನೇ ನೋಡುತ್ತಿತ್ತು. ಅವಳು ಅದರ ಕತ್ತು ತಬ್ಬಿಕೊಂಡು ಅತ್ತುಬಿಟ್ಟಳು. ಆ ದಿನ ಮೈಕುವಿಗೆ ಚೂರಲ್ಲ, ಇಡೀ ಮೊಟ್ಟೆ ಸಿಕ್ಕಿತು.

ಆ ಮೇಲೆ ಬಂದವರು ನಿವೃತ್ತ ಪೋಸ್ಟ್‌ಮ್ಯಾನ್. ಹೆಂಡತಿ ತೀರಿಹೋಗಿ ಒಂಟಿಯಾಗಿದ್ದರು. ನಾಲ್ಕಂತಸ್ತಿನ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಮನೆ. ಮಾತಿಗೆ ನಿಂತರೆ ಹೊತ್ತು ಹೋದದ್ದು ಗೊತ್ತಾಗದ ಮನುಷ್ಯ.

"ಕೆಲಸಕ್ಕೆ ಸೇರಿದ ದಿನದಿಂದ ನಾಯಿಗಳ ಹತ್ತಿರ ಬೈಸ್ಕೊಂಡಿದ್ದೀನಿ ತಾಯಿ," ಎಂದರು, ಪ್ಯಾಂಟು ಮೇಲೆತ್ತಿ ಮೀನಖಂಡದ ಹಳೇ ಗುರುತು ತೋರಿಸುತ್ತಾ. "ಒಂದು ಗೇಟೂ ಬಿಟ್ಟಿಲ್ಲ. ಇನ್ನಾದ್ರೂ ಬೈಯದೆ ಇರೋ ನಾಯಿ ಒಂದು ಬೇಕು. ಇರೋದು ನಿಮ್ಮ ಹತ್ರ ಮಾತ್ರ ಅಂದ್ರು."

ಮೈಕು ಅವರ ಬೂಟನ್ನು ಮೂಸಿತು, ಆ ಗುರುತನ್ನು ಮೂಸಿತು, ಮತ್ತೆ ಅವರ ಪಾದದ ಮೇಲೆ ಮೆಲ್ಲಗೆ ಗಲ್ಲ ಇಟ್ಟು ಮಲಗಿತು. ಪೋಸ್ಟ್‌ಮ್ಯಾನ್ ಅಲ್ಲಾಡದೆ ಕೂತರು. ಕಾಲು ಜೋಮು ಹಿಡಿದರೂ ಎಳೆದುಕೊಳ್ಳಲಿಲ್ಲ. ಅದನ್ನು ನೋಡಿಯೇ ಸೋಫಾ ಅಕ್ಕನಿಗೆ ಇದು ನಿಲ್ಲುವ ಮನೆ ಎನ್ನಿಸಿತು. ಕಳಿಸುವ ದಿನ ನಾದಿನಿ, ಪೀಡೆ ತೊಲಗಿತು ಎಂದು ಬೈಯುತ್ತಲೇ ಮೂಗು ಒರೆಸಿಕೊಂಡಳು. ಸೋಫಾ ಅಕ್ಕ ಅಳತೆ ತೆಗೆದು ಹೊಲಿದಿದ್ದ ಫೋಮಿನ ಹಾಸಿಗೆಯನ್ನು ಕೊಟ್ಟು ಕಳಿಸಿದಳು.

ಪೋಸ್ಟ್‌ಮ್ಯಾನ್ ಆಗಾಗ ಫೋನು ಮಾಡುತ್ತಿದ್ದರು. "ಮಹರಾಯ ಮಾತೇ ಆಡಲ್ಲ ತಾಯಿ. ನಾನು ಆಚೆ ಹೋಗಿ ಬಂದು ಬೀಗ ತೆಗೆಯೋ ತನಕ ಬಾಗಿಲ ಹಿಂದೆ ಕಲ್ಲಿನ ಹಾಗೆ ಕೂತಿರ್ತಾನೆ." ಅವಳಿಗೆ ಹಿಗ್ಗೋ ಹಿಗ್ಗು. ಅಂಗಳದ ಬಾಯಿಂದ ಒಂದು ಜೀವವನ್ನಾದರೂ ಕಿತ್ತುಕೊಂಡೆನಲ್ಲ ಎಂದು ಆ ವರ್ಷವೆಲ್ಲ ಅವಳ ಸುತ್ತಿಗೆಯ ಸದ್ದೇ ಬೇರೆಯಾಗಿತ್ತು.

ಒಂದು ಬೆಳಿಗ್ಗೆ ಫೋನು ಬಂದಾಗ ಪೋಸ್ಟ್‌ಮ್ಯಾನರ ದನಿ ಗುರುತೇ ಸಿಗಲಿಲ್ಲ. "ಮೈಕು ಕಾಣಿಸ್ತಿಲ್ಲ ತಾಯಿ. ನೆನ್ನೆ ಸಂಜೆ ಕೆಳಗೆ ಯಾರ ಜೊತೆಗೋ ಮಾತಾಡ್ತಾ ನಿಂತಿದ್ದೆ. ಹಗ್ಗ ಬಿಚ್ಚಿದ್ದೆ. ಪಕ್ಕದಲ್ಲೇ ಇದ್ದ, ತಿರುಗಿ ನೋಡಿದ್ರೆ ಇಲ್ಲ."

ಅವಳು ಷೆಡ್ಡಿಗೆ ಬೀಗ ಹಾಕಿ ಹೊರಟಳು. ಬೀದಿ ಬೀದಿ ಅಲೆದಳು. ಕಸದ ತೊಟ್ಟಿಯ ಹಿಂದೆ, ನಿಂತ ಲಾರಿಗಳ ಕೆಳಗೆ, ಕಟ್ಟುತ್ತಿದ್ದ ಮನೆಗಳ ಒಳಗೆ ಬಗ್ಗಿ ಬಗ್ಗಿ ನೋಡಿದಳು. ಸಿಕ್ಕವರಿಗೆಲ್ಲ ಹರಿದ ಕಿವಿಯ ಗುರುತು ಹೇಳಿದಳು. "ಮೈಕೂ, ಮೈಕೂ" ಎಂದು ಕೂಗುತ್ತಾ ಹೋಗುವ ಹೆಂಗಸನ್ನು ಕಂಡು ಟೀ ಅಂಗಡಿಯಲ್ಲಿ ನಿಂತ ಹುಡುಗರು, ಎಲ್ಲಿ ಭಾಷಣ ಅಕ್ಕಾ ಎಂದು ಕೇಳಿ ನಕ್ಕರು. ನಗಲಿ ಬಿಡಿ, ಅವರಿಗೇನು ಗೊತ್ತು.

ಮಾರನೆಯ ದಿನ ಕಟ್ಟಡವನ್ನೇ ಮತ್ತೊಮ್ಮೆ ನೋಡೋಣವೆಂದು ಬಂದಳು. ಮಹಡಿ ಮಹಡಿಗೂ ಹತ್ತಿದಳು, ತಾರಸಿ ನೋಡಿದಳು, ಕೊನೆಗೆ ನೆಲಮಾಳಿಗೆಗೆ ಇಳಿದಳು. ಅಲ್ಲಿ ನೀರಿನ ಪಂಪಿನ ಮೋಟಾರು ಗುಂಯ್ಯೆಂದು ಓಡುತ್ತಿತ್ತು. ಅದರ ಪಕ್ಕ ಕಟ್ಟಡದವರು ಹಳೇ ಸಾಮಾನು ತುಂಬಿಡುವ ಕೋಣೆ, ದಪ್ಪ ಮರದ ಬಾಗಿಲು, ಬೀಗ. ಅವಳು ಆ ಬಾಗಿಲ ಮುಂದೆ ನಿಂತು ಕರೆದಳು.

"ಮೈಕೂ. ಮೈಕೂ, ಬಾರೋ."

ಒಳಗಿನಿಂದ ಏನೂ ಇಲ್ಲ. ಜೊತೆಗೆ ಬಂದಿದ್ದ ವಾಚ್‌ಮನ್ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಆಕಳಿಸಿದ. "ಬೀಗ ಹಾಕಿರೋ ಕೋಣೆ ಅಮ್ಮಾ. ಒಳಗಿದ್ರೆ ಇಷ್ಟೊತ್ತಿಗೆ ಕೂಗಿ ಕಟ್ಟಡ ಎಬ್ಬಿಸ್ತಿರಲಿಲ್ವಾ?"

"ಹೌದು," ಎಂದಳು ಅವಳು. "ನನ್ನ ದನಿ ಕೇಳಿ ಸುಮ್ನಿರೋ ಜೀವ ಅಲ್ಲ ಅದು."

ಹಾಗೆಂದವಳು ಬೇರೆ ಯಾರೂ ಅಲ್ಲ, ಅವಳೇ. ಅವಳ ಮನಸ್ಸಿನಲ್ಲಿ ಆಗ ಇದ್ದದ್ದು ಅದರ ಪ್ರೀತಿಯೊಂದೇ. ತಾನೇ ಕಲಿಸಿದ ಪಾಠ ನೆನಪಿಗೆ ಬರಲಿಲ್ಲ. ಮೆಟ್ಟಿಲು ಹತ್ತಿ, ಇನ್ನೂ ನೋಡದ ಬೀದಿಗಳ ಕಡೆಗೆ ನಡೆದಳು.

ಒಂದು ವಾರ ಕಳೆದ ಮೇಲೆ ಬಣ್ಣ ಹೊಡೆಯುವವರಿಗೆ ಏಣಿ ಬೇಕಾಗಿ ವಾಚ್‌ಮನ್ ಆ ಕೋಣೆಯ ಬೀಗ ತೆಗೆದ. ಮೈಕು ಕಾಣೆಯಾದ ಆ ಸಂಜೆ ಯಾರೋ ಹಳೇ ಬೀರು ಒಳಗಿಡಿಸುವಾಗ ಅದು ಮೂಸುತ್ತಾ ಒಳಗೆ ನುಗ್ಗಿತ್ತು. ಯಾರೂ ನೋಡಿರಲಿಲ್ಲ. ಬಾಗಿಲು ಹಾಕಿ ಹೋಗಿದ್ದರು.

ಪೋಸ್ಟ್‌ಮ್ಯಾನ್ ಫೋನು ಮಾಡಿ ಅಳುತ್ತಲೇ ಏನೋ ಹೇಳಿದರು. ನಾದಿನಿ ಫೋನು ಕಿತ್ತುಕೊಂಡು ಕೇಳಿದಳು, ಮತ್ತೆ ಅತ್ತಿಗೆಯ ಚಪ್ಪಲಿಯನ್ನು ತಂದು ಅವಳ ಕಾಲ ಬಳಿ ಇಟ್ಟಳು. ಇಬ್ಬರೂ ಹೋದರು.

ಮೈಕು ಬಾಗಿಲಿಗೆ ಮುಖ ಮಾಡಿ, ಮುಂಗಾಲುಗಳ ಮೇಲೆ ಗಲ್ಲ ಇಟ್ಟು ಮಲಗಿತ್ತು. ನಿದ್ದೆ ಮಾಡಿದ ಹಾಗೆಯೇ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ, ವಾರ ಕಳೆದಿತ್ತಲ್ಲ. ಸೋಫಾ ಅಕ್ಕ ಮೊದಲು ನೋಡಿದ್ದು ಬಾಗಿಲನ್ನು. ಒಳಬದಿಯಲ್ಲಿ ಒಂದು ಗೀರೂ ಇರಲಿಲ್ಲ. ಮತ್ತೆ ನೆಲ ನೋಡಿದಳು. ಕೋಣೆಯ ತುಂಬ ಬೆರಳು ದಪ್ಪ ಧೂಳು. ನಾಯಿಯ ಹಿಂದೆ ಮಾತ್ರ, ಬಾಲ ಇದ್ದ ಕಡೆ, ಬೀಸಣಿಗೆಯ ಆಕಾರದಲ್ಲಿ ನೆಲ ಚೊಕ್ಕಟವಾಗಿ ಗುಡಿಸಿದ ಹಾಗಿತ್ತು.

ಪೋಸ್ಟ್‌ಮ್ಯಾನ್ ಕಣ್ಣೊರೆಸಿಕೊಳ್ಳುತ್ತಾ ಅವಳನ್ನು ಸಮಾಧಾನ ಮಾಡಲು ನೋಡಿದರು. ಒಳ್ಳೆಯ ಮನುಷ್ಯ, ಒಳ್ಳೆಯದನ್ನೇ ಹೇಳಿದರು. "ಎಷ್ಟು ಚೆನ್ನಾಗಿ ಬೆಳೆಸಿದ್ರಿ ತಾಯಿ. ಸಾಯೋವಾಗ್ಲೂ ಯಾರಿಗೂ ತೊಂದ್ರೆ ಕೊಡ್ಲಿಲ್ಲ."

ಸೋಫಾ ಅಕ್ಕ ಮನೆಗೆ ಬಂದು, ಷೆಡ್ಡಿನಲ್ಲಿ ಅರ್ಧ ಕಟ್ಟಿದ್ದ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ ಮೇಲೆ ಹೇಳಿದಳು. "ನಾನು ಬಾಗಿಲಾಚೆ ನಿಂತು ಕರೆದೆ ಕಣೇ. ಅದಕ್ಕೆ ಕೇಳಿಸ್ತು. ನಾನು ಬಂದೆ ಅಂತ ಬಾಲ ಅಲ್ಲಾಡಿಸ್ತು. ಸುಮ್ನಿದ್ರೆ ತೆರೀತೀನಿ ಅಂತ ಸುಮ್ನೆ ಕೂತು ಕಾಯ್ತು. ನಾನು ತೆರೀದೆ ಬಂದೆ."

ನಾದಿನಿ ಅತ್ತಿಗೆಯ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಹುಣ್ಣು ಮಾಯುತ್ತದೆ ಎನ್ನುವವರು ಎನ್ನಲಿ. ಇದು ಮಾಯಲಿಲ್ಲ. ವ್ಯಾನಿನವನು ಇನ್ನೊಂದು ನಾಯಿ ತಂದ, ಪುಟ್ಟ ಕರಿಯದು, ಬಾಯಿ ದೊಡ್ಡದು. ಸೋಫಾ ಅಕ್ಕ ಅದಕ್ಕೆ ಅನ್ನ ಹಾಕಿದಳು, ಗಾಯ ತೊಳೆದಳು, ಪಾಠ ಮಾತ್ರ ಹೇಳಿಕೊಡಲಿಲ್ಲ. ನಾದಿನಿ ಅಭ್ಯಾಸಬಲದಿಂದ "ಶ್" ಎಂದರೆ, "ಬೇಡ, ಬೊಗಳಲಿ ಬಿಡೇ" ಎನ್ನುತ್ತಿದ್ದಳು. ಅದು ಬೊಗಳಿತು. ಅದನ್ನು ಒಯ್ದವರು ವಾಪಸು ತಂದರು, ಮತ್ತೆ ಒಯ್ದವರೂ ವಾಪಸು ತಂದರು. ಕೊನೆಗೆ ವ್ಯಾನಿನವನು ಅದನ್ನು ಅಂಗಳಕ್ಕೆ ಕರೆದುಕೊಂಡು ಹೋದ. ಕಲಿಸಿದರೆ ಹಾಗೆ, ಕಲಿಸದಿದ್ದರೆ ಹೀಗೆ. ಆ ಮೇಲೆ ಅವಳೇ, ಇನ್ನು ತರಬೇಡಪ್ಪ ಎಂದಳು. ಅವನೂ ಒತ್ತಾಯ ಮಾಡಲಿಲ್ಲ.

ನಾಯಿಯಿಲ್ಲದ ಮನೆಯಲ್ಲಿ ಮೊಳೆ ಹೊಡೆಯುತ್ತಾ ಕೂತವಳಿಗೆ ಒಂದು ದಿನ ಹೊಳೆದದ್ದು ಇದು: ಪಾಠ ಕಲಿತದ್ದು ಮೈಕು ಒಂದೇ ಅಲ್ಲ. ಅದಕ್ಕಿಂತ ಮೊದಲು ಎಷ್ಟು ಮನೆಗಳಿಗೆ ಎಷ್ಟು ನಾಯಿಗಳು ಹೋಗಿವೆ. ಎಲ್ಲವೂ ಎಲ್ಲೋ ಒಂದು ಬಾಗಿಲ ಹಿಂದೆ ಕೂತಿವೆ, ಸುಮ್ಮನೆ. ಅವಳ ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ನಿಂತಿತು.

ರಜೆಯ ದಿನಗಳಲ್ಲಿ ಅವಳು ಆ ಮನೆಗಳಿಗೆ ಹೋಗತೊಡಗಿದಳು. ನಾದಿನಿ ಬೇಡವೆಂದಳು, ಆದರೆ ಒಬ್ಬಳೇ ಹೋಗಲು ಬಿಡದೆ ಜೊತೆಗೆ ಹೊರಟಳು. ನಾಯಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಿ ಎಂದು ಮನೆಯವರನ್ನು ಕೇಳಿಕೊಳ್ಳುವುದು. ಆಚೆ ನಿಂತು ಕರೆಯುವುದು. ಬೊಗಳಿದರೆ ತೆರೆದು ಮೊಟ್ಟೆಯ ಚೂರು ಕೊಡಬೇಕು, ಪಾಠವನ್ನು ಹಿಂದುಮುಂದು ಮಾಡಿ ಹೇಳಿಕೊಡಬೇಕು ಎಂಬ ಲೆಕ್ಕಾಚಾರ. ಯಾವ ಮನೆಯಲ್ಲೂ ಯಾವ ನಾಯಿಯೂ ಬೊಗಳಲಿಲ್ಲ. ಒಂದು ಮನೆಯವರು, ನಮಗೆ ಈಗಿರೋದೇ ಇಷ್ಟ, ಅದನ್ನ ಕೆಡಿಸಬೇಡಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದರು.

ಕೊನೆಗೆ ಹೋದದ್ದು ಬಿಳಿಕಾಲನ ಮನೆಗೆ. ಅವಳ ಪಾಠ ಕಲಿತ ಮೊಟ್ಟಮೊದಲ ನಾಯಿ ಅದು, ಈಗ ಮುದಿಯಾಗಿದೆ. ಮನೆಯೊಡತಿ ಕನ್ನಡಕದ ಅಂಗಡಿಯವಳು, ಸಂಭ್ರಮದಿಂದ ಬರಮಾಡಿಕೊಂಡಳು. ಮಲಗುವ ಕೋಣೆಯಲ್ಲಿ ನಾಯಿಯನ್ನು ಬಿಟ್ಟು ಬಾಗಿಲು ಹಾಕಿದಳು. ಸೋಫಾ ಅಕ್ಕ ಬಾಗಿಲ ಮುಂದೆ ನೆಲದ ಮೇಲೆ ಕೂತು, ಅದರ ಹೆಸರು ಹಿಡಿದು ಕರೆದಳು.

ಸದ್ದಿಲ್ಲ.

"ನೋಡಿದ್ರಾ?" ಎಂದಳು ಮನೆಯೊಡತಿ ಹೆಮ್ಮೆಯಿಂದ. "ಇಷ್ಟು ವರ್ಷ ಆದ್ರೂ ಒಂದು ಸದ್ದಿಲ್ಲ. ನಿಮ್ಮ ಕೈಗುಣ!"

"ಬೊಗಳೋ," ಎಂದಳು ಸೋಫಾ ಅಕ್ಕ ಬಾಗಿಲಿಗೆ ಬಾಯಿಟ್ಟು. "ಬೊಗಳೋ ನನ್ನಪ್ಪಾ. ಒಂದೇ ಒಂದು ಸಲ."

ಒಳಗೆ ನೆಲಕ್ಕೆ ಬಾಲ ಬಡಿಯತೊಡಗಿತು, ಟಪ್ ಟಪ್ ಎಂದು. ಈ ಸಲ ತೆರೆಯುವುದಿಲ್ಲ, ಬೊಗಳುವ ತನಕ ಕಾಯುತ್ತೇನೆ ಎಂದು ಅವಳು ಗಟ್ಟಿ ಮನಸ್ಸು ಮಾಡಿ ಬಂದಿದ್ದಳು. ಕಾದಳು. ಮನೆಯೊಡತಿ ಕಕ್ಕಾಬಿಕ್ಕಿಯಾಗಿ ನಾದಿನಿಯ ಮುಖ ನೋಡಿದಳು. ನಾದಿನಿ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಬಾಲದ ಸದ್ದು ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಒಳಗಿನ ಜೀವ ಇನ್ನೂ ಚೆನ್ನಾಗಿ ಸುಮ್ಮನಿರಲು ನೋಡುತ್ತಿದೆ ಎಂದು ಅವಳಿಗೆ ತಿಳಿಯಿತು. ಅವಳಿಂದ ತಡೆಯಲಾಗಲಿಲ್ಲ. ಎದ್ದು ಚಿಲಕ ತೆಗೆದು ಮತ್ತೆ ನೆಲಕ್ಕೆ ಕೂತಳು.

ಮುದಿ ನಾಯಿ ಕುಂಟುತ್ತಾ ಹೊರಗೆ ಬಂದು, ಅವಳ ಮಡಿಲಿಗೆ ಮೂತಿ ತುರುಕಿ, ಮೊಟ್ಟೆಯ ಚೂರಿಗಾಗಿ ಅವಳ ಮುಷ್ಟಿಯನ್ನು ಮೂಸಿತು. ಅವಳು ಮುಷ್ಟಿ ಬಿಚ್ಚಿ ಕೊಟ್ಟಳು.